ಮುಂದಿನ ಗಾಲಿಯ ಮೇಲೆ ಒಂದು ಬೆರಳಗಲ

ಬೈಸಿಕಲ್ಲು ಒಬ್ಬ ಮನುಷ್ಯನನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವ ಸಾಧನವೆಂದು ನಿಘಂಟು ಹೇಳಬಹುದು. ಬೀದಿ ಹಾಗೆ ಹೇಳುವುದಿಲ್ಲ. ಹಾಲಿನ ಕ್ಯಾನುಗಳು, ಅಡಿಗೆ ಅನಿಲದ ಸಿಲಿಂಡರು, ಎಳನೀರಿನ ಗೊಂಚಲು, ಅಕ್ಕಿಯ ಮೂಟೆ, ಮೂಟೆಯ ಮೇಲೆ ಒಂದು ಮಗು, ಮಗುವಿನ ಕೈಯಲ್ಲಿ ಒಂದು ಬಲೂನು—ಇಷ್ಟನ್ನೂ ಹಿಂದಿನ ಕ್ಯಾರಿಯರು ತಲೆಮಾರುಗಳಿಂದ ನಿರ್ವಿಕಾರವಾಗಿ ಹೊತ್ತುಕೊಂಡು ಬಂದಿದೆ. ಹಿಂದಿನ ಗಾಲಿ ಸೌಮ್ಯ ಸ್ವಭಾವದ್ದು. ಅದು ಅತ್ತಿತ್ತ ತಿರುಗುವುದಿಲ್ಲ, ಹೇರಿದ್ದನ್ನು ಹೊರುತ್ತದೆ, ಅತಿಯಾದರೆ ಒಂದೆರಡು ಕಡ್ಡಿ ಮುರಿದುಕೊಂಡು ತನ್ನ ಅಸಮಾಧಾನವನ್ನು ಸೂಚಿಸುತ್ತದೆ.

ಮುಂದಿನ ಗಾಲಿಯ ವಿಷಯ ಬೇರೆ. ಅದರ ಮೇಲೆ ಹೊರೆಯಿಡಬೇಕೆಂಬ ಆಸೆಗೆ ಮಾತ್ರ ಸಕಾರಣವಾದ ಸಮರ್ಥನೆಯುಂಟು. ಮುಂದಿಟ್ಟ ವಸ್ತು ಕಣ್ಣೆದುರಿಗೆ ಇರುತ್ತದೆ. ಸಂತೆಯ ಜನಜಂಗುಳಿಯಲ್ಲಿ ಯಾರೂ ಅದನ್ನು ಎಗರಿಸಲಾರರು. ಮನೆಮನೆಗೆ ಪತ್ರಿಕೆ ಹಂಚುವ ಹುಡುಗನಿಗೆ ಇಳಿಯದೆಯೇ ಕೈಗೆ ಸಿಗುತ್ತದೆ. ಹಿಂದೆ ತಂಗಿಯೋ ತಮ್ಮನೋ ಕುಳಿತಿದ್ದರೆ ಶಾಲೆಯ ಚೀಲಕ್ಕೆ ಇರುವ ಸ್ಥಳ ಅದೊಂದೇ. ಆದುದರಿಂದಲೇ ಅಂಗಡಿಗಳಲ್ಲಿ ಮುಂದಿನ ಕ್ಯಾರಿಯರುಗಳೂ ತಂತಿಯ ಬುಟ್ಟಿಗಳೂ ಸದಾ ತೂಗಾಡುತ್ತಿರುತ್ತವೆ. ಕೊಂಡವರು ಎರಡು ಬೋಲ್ಟು ಬಿಗಿಸಿ, ಖಾಲಿ ಗಾಡಿಯನ್ನು ಒಮ್ಮೆ ಉರುಳಿಸಿ ನೋಡಿ, ಸಂತೋಷದಿಂದ ಮನೆಗೆ ಹೋಗುತ್ತಾರೆ.

ಆ ಎರಡು ಬೋಲ್ಟುಗಳ ಕೆಳಗೆ ಎಷ್ಟು ಜಾಗವಿದೆಯೆಂಬುದನ್ನು ಬಗ್ಗಿ ನೋಡಿದವರು ಕಡಮೆ. ನೋಡಿದರೆ ಅಲ್ಲೊಂದು ಇಕ್ಕಟ್ಟಾದ ಸಂಸಾರವೇ ಕಾಣುತ್ತದೆ. ಎಲ್ಲಕ್ಕಿಂತ ಕೆಳಗೆ ತಿರುಗುವ ಟೈರು. ಅದರ ಮೇಲೆ ತುಸು ಗಾಳಿ. ಗಾಳಿಯ ಮೇಲೆ ಮಡ್‌ಗಾರ್ಡು. ಮಡ್‌ಗಾರ್ಡಿನ ಮೇಲೆ ಮತ್ತೆ ತುಸು ಗಾಳಿ—ಅಥವಾ ಬಹುಮಟ್ಟಿಗೆ ಅದೂ ಇಲ್ಲ. ಆಮೇಲೆ ಕ್ಯಾರಿಯರಿನ ತಳ, ಬುಟ್ಟಿ, ಬುಟ್ಟಿಯ ಬಾಯಿಗೆ ತಾಗುವಂತೆ ಬ್ರೇಕಿನ ಸರಳು ಇಲ್ಲವೇ ಕೇಬಲ್ಲು, ಗಂಟೆ, ಹ್ಯಾಂಡಲ್ಲು. ಮೇಲಿನಿಂದ ಹ್ಯಾಂಡಲ್ಲು ಒತ್ತುತ್ತದೆ, ಕೆಳಗಿನಿಂದ ಗಾಲಿ ಒತ್ತುತ್ತದೆ. ಕ್ಯಾರಿಯರನ್ನು ಎತ್ತಿ ಕಟ್ಟಿದರೆ ಹೊರೆ ಎತ್ತರಕ್ಕೆ ಏರಿ, ಹ್ಯಾಂಡಲ್ಲು ಹಟಮಾರಿಯಾಗುತ್ತದೆ. ಇಳಿಸಿ ಕಟ್ಟಿದರೆ ಟೈರಿಗೆ ತಾಗುತ್ತದೆ. ಈ ಎರಡರ ನಡುವೆ ನ್ಯಾಯ ತೀರಿಸಬೇಕಾದ ಅಂತರ ಕೆಲವೊಮ್ಮೆ ಒಂದು ಬೆರಳಿನ ಅಗಲಕ್ಕಿಂತ ಹೆಚ್ಚಿರುವುದಿಲ್ಲ.

ತಾಗಿದರೆ ತಾಗಲಿ, ಸ್ವಲ್ಪ ಸದ್ದಾದೀತು ಎನ್ನುವವರು ಒಂದು ಲೆಕ್ಕವನ್ನು ಗಮನಿಸಬೇಕು. ಗಂಟೆಗೆ 15 ಕಿಲೋಮೀಟರ್ ಎಂಬುದು ಬೈಸಿಕಲ್ಲಿಗೆ ಸಾಮಾನ್ಯ ವೇಗ. ಸೆಕೆಂಡಿಗೆ ನಾಲ್ಕು ಮೀಟರಿಗಿಂತ ತುಸು ಹೆಚ್ಚು. 28 ಅಂಗುಲದ ಗಾಲಿಯ ಸುತ್ತಳತೆ ಸುಮಾರು ಎರಡೂಕಾಲು ಮೀಟರ್. ಅಂದರೆ ಗಾಲಿ ಸೆಕೆಂಡಿಗೆ ಹೆಚ್ಚುಕಡಮೆ ಎರಡು ಸುತ್ತು ತಿರುಗುತ್ತಿರುತ್ತದೆ. ಕಳಚಿಕೊಂಡ ಪಟ್ಟಿಯೊಂದು ಕಡ್ಡಿಗಳ ನಡುವೆ ಸಿಕ್ಕಿತೆನ್ನಿ. ಅದು ಫೋರ್ಕಿಗೆ ಬಡಿದು ಗಾಲಿಯನ್ನು ನಿಲ್ಲಿಸಲು ಕಾಲು ಸುತ್ತು ಸಾಕು. ಕಾಲು ಸುತ್ತೆಂದರೆ ಸೆಕೆಂಡಿನ ಎಂಟನೆಯ ಒಂದು ಭಾಗ. ಕಣ್ಣು ಮಿಟುಕಿಸುವುದಕ್ಕೂ ಅಷ್ಟು ಹೊತ್ತು ಸಾಲದು. ಗಾಲಿ ನಿಂತಿತು, ಸವಾರನ ದೇಹ ನಿಲ್ಲಲಿಲ್ಲ. ದೇಹದ ಗುರುತ್ವಕೇಂದ್ರ ನೆಲದಿಂದ ಒಂದು ಮೀಟರಿಗೂ ಮೇಲಿರುತ್ತದೆ. ಮುಂದಿನ ಗಾಲಿ ನೆಲಕ್ಕೆ ತಾಗುವ ಬಿಂದುವಿನಿಂದ ಅದು ಹಿಂದಿರುವುದು ಅದರ ಅರ್ಧದಷ್ಟೋ ತುಸು ಹೆಚ್ಚೋ ಮಾತ್ರ. ಹೀಗಾಗಿ ವೇಗ ಕುಗ್ಗುವ ಪ್ರಮಾಣ ಭೂಮಿಯ ಆಕರ್ಷಣೆಯ ಸುಮಾರು ಅರ್ಧವನ್ನು ದಾಟಿದೊಡನೆಯೇ ಹಿಂದಿನ ಗಾಲಿ ನೆಲವನ್ನು ಬಿಡುತ್ತದೆ. ಕಾಲು ಸುತ್ತಿನಲ್ಲಿ ನಿಲ್ಲುವುದೆಂದರೆ ಆ ಮಿತಿಯ ಎರಡರಷ್ಟನ್ನೂ ಮೀರಿದ ಮಾತು. ಸವಾರ ಹ್ಯಾಂಡಲ್ಲಿನ ಮೇಲಿಂದ ಹಾರುತ್ತಾನೆ. ಮೊದಲು ನೆಲ ಮುಟ್ಟುವುದು ಕೈಯೋ ಗಲ್ಲವೋ ಹಣೆಯೋ ಎಂಬುದಷ್ಟೇ ಅನಿಶ್ಚಿತ.

ಹಿಂದಿನ ಕ್ಯಾರಿಯರು ಕಳಚಿ ಗಾಲಿಗೆ ಸಿಕ್ಕಿದರೆ ಗಾಡಿ ಜಾರಿಕೊಂಡು ನಿಲ್ಲುತ್ತದೆ, ಸವಾರ ಬೈದುಕೊಂಡು ಇಳಿಯುತ್ತಾನೆ. ಮುಂದೆ ಹಾಗಾದರೆ ಬೈಯುವುದಕ್ಕೂ ಸಮಯವಿರುವುದಿಲ್ಲ.

ಇನ್ನು ಅಳತೆಯ ವಿಚಾರ. ಗಾಲಿಯ ಗಾತ್ರವನ್ನು ಅಂಗಡಿಯಲ್ಲಿ ಹೇಳುವ ಕ್ರಮ ಬಹಳ ಮೋಸದ್ದು. “ಇಪ್ಪತ್ತಾರು ಅಂಗುಲ” ಎಂದರೆ ಒಂದೇ ಗಾತ್ರವೆಂದು ಗ್ರಾಹಕ ನಂಬುತ್ತಾನೆ. ಹೆಂಗಸರ ಹಳೆಯ ಮಾದರಿಯ ಬೈಸಿಕಲ್ಲುಗಳಲ್ಲಿ ಬರುವ 26 ಅಂಗುಲದ ಗಾಲಿಯಲ್ಲಿ ಟೈರು ಕೂರುವ ರಿಮ್ಮಿನ ವ್ಯಾಸ 590 ಮಿಲಿಮೀಟರ್. ಬೆಟ್ಟದ ಬೈಸಿಕಲ್ಲೆಂಬ ಹೊಸ ಮಾದರಿಯ 26 ಅಂಗುಲದ ಗಾಲಿಯಲ್ಲಿ ಅದೇ 559. ಹೆಸರು ಒಂದೇ, ವ್ಯಾಸದಲ್ಲಿ 31 ಮಿಲಿಮೀಟರುಗಳ ವ್ಯತ್ಯಾಸ. ಒಂದರ ಟೈರು ಇನ್ನೊಂದಕ್ಕೆ ಏರುವುದೇ ಇಲ್ಲ. ತಾತಂದಿರ ಕಾಲದ ಕರಿಯ ಬೈಸಿಕಲ್ಲಿನ 28 ಅಂಗುಲದ ಗಾಲಿಯದು 635. ಈಗಿನ ತೆಳ್ಳಗಿನ ಓಟದ ಬೈಸಿಕಲ್ಲುಗಳದು 622. ಅದನ್ನೂ ಕೆಲವರು 28 ಎನ್ನುತ್ತಾರೆ, ಅದೇ ರಿಮ್ಮಿಗೆ ದಪ್ಪ ಟೈರು ಹಾಕಿದರೆ 29 ಎನ್ನುತ್ತಾರೆ. 635ಕ್ಕೆ 28, ಅದಕ್ಕಿಂತ ಚಿಕ್ಕದಾದ 622ಕ್ಕೆ 29! ವ್ಯಾಕರಣದಲ್ಲಿ ಇಂಥ ಅಪವಾದಗಳನ್ನು ಕಂಡರೆ ವಿದ್ಯಾರ್ಥಿಗಳು ಮುಷ್ಕರ ಹೂಡುತ್ತಿದ್ದರು.

ಅದೃಷ್ಟವಶಾತ್ ಟೈರಿನ ಪಕ್ಕೆಯ ಮೇಲೆ ಸತ್ಯವನ್ನು ಅಚ್ಚೊತ್ತಿರುತ್ತಾರೆ. 40-635, 37-590, 50-559 ಎಂಬಂತೆ ಎರಡು ಸಂಖ್ಯೆಗಳು ಅಲ್ಲಿ ಉಬ್ಬಿ ಕಾಣುತ್ತವೆ, ಐ.ಎಸ್.ಓ. 5775 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಹಾಕಿದ ಗುರುತು ಅದು. ಮೊದಲನೆಯದು ಗಾಳಿ ತುಂಬಿದ ಟೈರಿನ ಅಗಲ, ಎರಡನೆಯದು ರಿಮ್ಮಿನಲ್ಲಿ ಟೈರು ಕೂರುವೆಡೆಯ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಟೈರಿನ ಎತ್ತರ ಹೆಚ್ಚುಕಡಮೆ ಅದರ ಅಗಲದಷ್ಟೇ ಇರುವುದರಿಂದ, ಎರಡನೆಯ ಸಂಖ್ಯೆಯ ಅರ್ಧಕ್ಕೆ ಮೊದಲನೆಯದನ್ನು ಕೂಡಿದರೆ ಅಚ್ಚಿನ ನಡುವಿನಿಂದ ಟೈರಿನ ನೆತ್ತಿಯವರೆಗಿನ ದೂರ ದೊರೆಯುತ್ತದೆ. ಕರಿಯ ಬೈಸಿಕಲ್ಲಿಗೆ 317.5 ಮತ್ತು 40, ಒಟ್ಟು 357.5. ಹೆಂಗಸರ ಬೈಸಿಕಲ್ಲಿಗೆ 295 ಮತ್ತು 37, ಒಟ್ಟು 332. ಬೆಟ್ಟದ ಬೈಸಿಕಲ್ಲಿಗೆ 279.5 ಮತ್ತು 50, ಒಟ್ಟು 329.5. ಕೊನೆಯ ಎರಡನ್ನು ಹೋಲಿಸಿ ನೋಡಿದರೆ ಒಂದು ಸ್ವಾರಸ್ಯ ತೋರುತ್ತದೆ: ರಿಮ್ಮುಗಳು ಬೇರೆಬೇರೆಯಾದರೂ ಟೈರಿನ ನೆತ್ತಿಗಳಿಗೆ ಎರಡೂವರೆ ಮಿಲಿಮೀಟರುಗಳಷ್ಟೇ ಭೇದ. ಒಂದಕ್ಕೆಂದು ಮಾಡಿದ ಕ್ಯಾರಿಯರು ಇನ್ನೊಂದಕ್ಕೆ ಹೊಂದಬೇಕಲ್ಲವೆ?

ಮೈಸೂರಿನ ಒಂದು ಮನೆಯವರೂ ಹಾಗೆಯೇ ತಿಳಿದಿದ್ದರು. ಆ ಮನೆಯ ಗೃಹಿಣಿ ನಾಲ್ಕು ಮನೆಗಳಿಗೆ ಮಧ್ಯಾಹ್ನದ ಊಟವನ್ನು ಮಾಡಿ ಕಳುಹಿಸುತ್ತಿದ್ದರು. ಎಲ್ಲರೂ ವಯಸ್ಸಾದವರು, ಮಕ್ಕಳು ದೂರದ ಊರುಗಳಲ್ಲಿ. ಬೆಳಗಿನ ಕಾಲೇಜು ಮುಗಿಸಿ ಬಂದ ಮಗಳು ಒಂದೂವರೆ ಗಂಟೆಯೊಳಗಾಗಿ ನಾಲ್ಕು ಟಿಫಿನ್ ಕ್ಯಾರಿಯರುಗಳನ್ನು ಮುಟ್ಟಿಸಿ ಬರಬೇಕು. ಹಿಂದೆ ಕಟ್ಟಿದರೆ ಸಾರು ತುಳುಕಿದ್ದು ಮನೆ ತಲುಪುವವರೆಗೂ ತಿಳಿಯುವುದಿಲ್ಲವೆಂದು ಅವಳು ಮುಂದಿನ ಕ್ಯಾರಿಯರೊಂದನ್ನು ಕೊಂಡು ತಂದಳು. ಬೈಸಿಕಲ್ಲಿನದೂ ಕ್ಯಾರಿಯರು, ಊಟದ್ದೂ ಕ್ಯಾರಿಯರು; ಕನ್ನಡ ಈ ಎರಡಕ್ಕೂ ಒಂದೇ ಇಂಗ್ಲಿಷ್ ಪದವನ್ನು ಸಾಲ ತಂದು ಮಿತವ್ಯಯವನ್ನು ಸಾಧಿಸಿದೆ. ತಂದ ಕ್ಯಾರಿಯರಿನ ಮೇಲೆ “26” ಎಂದು ಬರೆದಿತ್ತು. ಅವಳ ಬೈಸಿಕಲ್ಲಿನದೂ 26.

ಒಂದು ವಾರ ಎಲ್ಲವೂ ಸುಗಮವಾಗಿತ್ತು. ಆಮೇಲೆ ಹಳ್ಳ ಬಿದ್ದ ರಸ್ತೆಗಳಲ್ಲಿ ‘ಚರ್’ ಎಂಬ ಸದ್ದು ಕೇಳತೊಡಗಿತು. ಅದೂ ಡಬ್ಬಿಗಳು ತುಂಬಿದ್ದಾಗ ಮಾತ್ರ. ಸೈಕಲ್ ಶಾಪಿನವನು ಗಾಡಿಯನ್ನು ಎತ್ತಿ ಹಿಡಿದು ಗಾಲಿಯನ್ನು ತಿರುಗಿಸಿದ. “ಎಲ್ಲೂ ತಾಗ್ತಾ ಇಲ್ಲ ಕಣಮ್ಮ, ಹೊಸ ಸಾಮಾನು, ಒಂದಷ್ಟು ದಿನ ಸದ್ದು ಮಾಡುತ್ತೆ” ಎಂದು ಸಮಾಧಾನ ಹೇಳಿ ಕಳುಹಿಸಿದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ; ಖಾಲಿ ಗಾಡಿಯಲ್ಲಿ ಎಲ್ಲೂ ತಾಗುತ್ತಿರಲಿಲ್ಲ.

ಮನೆಯಲ್ಲಿದ್ದ ತಾತ ಅಶೋಕಪುರದ ರೈಲ್ವೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಸಂಜೆ ಅವರು ಮುಂದಿನ ಟೈರಿನ ಮೇಲೆ ಹೆಬ್ಬೆರಳನ್ನು ಎಳೆದು ನೋಡಿದರು. ನಡುಬೆನ್ನಿನಲ್ಲಿ ಕತ್ತಿಯಿಂದ ಗೀಚಿದಂಥ ಸಣ್ಣದೊಂದು ಗೆರೆ ಸುತ್ತಲೂ ಅಲ್ಲಲ್ಲಿ ಓಡಿತ್ತು.

“ಇದನ್ನ ನೋಡಿದೆಯೇನಮ್ಮ?” ಎಂದರು.

“ಕಲ್ಲು ತಾಗಿರಬೇಕು ತಾತ.”

“ಕಲ್ಲು ಒಂದು ಕಡೆ ಕಚ್ಚುತ್ತೆ, ಪುಟ್ಟಿ. ಗೆರೆ ಎಳೆಯೋದಿಲ್ಲ. ಆ ಡಬ್ಬಿಗಳಲ್ಲಿ ನೀರು ತುಂಬಿಸಿ ತಾ. ಊಟದಷ್ಟೇ ತೂಕ ಇರಲಿ.”

ಡಬ್ಬಿಯೊಂದಕ್ಕೆ ಎರಡು ಕಿಲೋ, ಒಟ್ಟು ಎಂಟು ಕಿಲೋ ಕ್ಯಾರಿಯರಿನ ಮೇಲೆ ಕುಳಿತವು. ತಾತ ಹಳೆಯ ಉಕ್ಕಿನ ಅಳತೆಪಟ್ಟಿಯನ್ನು ತೆಗೆದುಕೊಂಡು ಮೊದಲು ಹೊರೆಯಿಳಿಸಿ, ಅನಂತರ ಹೊರೆಯೇರಿಸಿ, ಎರಡು ಸಲ ಅಳೆದರು. ಖಾಲಿ ಇದ್ದಾಗ ಅಚ್ಚಿನ ನಡುವಿನಿಂದ ಕ್ಯಾರಿಯರಿನ ತಳಕ್ಕೆ 349 ಮಿಲಿಮೀಟರ್. ಟೈರಿನ ನೆತ್ತಿ 332ರಲ್ಲಿ. ಉಳಿದದ್ದು 17. ಬೆಟ್ಟದ ಬೈಸಿಕಲ್ಲಾಗಿದ್ದರೆ ಅಷ್ಟು ಸಾಕಾಗುತ್ತಿತ್ತು. ಏಕೆಂದರೆ ಆ ಕ್ಯಾರಿಯರನ್ನು ರೂಪಿಸಿದವನು ಮಡ್‌ಗಾರ್ಡೇ ಇಲ್ಲದ ಗಾಲಿಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ. ಇಲ್ಲಿ ಟೈರಿನಿಂದ 11 ಮಿಲಿಮೀಟರ್ ಮೇಲೆ ಮಡ್‌ಗಾರ್ಡು, ಅದರ ತಗಡಿಗೊಂದು ಮಿಲಿಮೀಟರ್. ಹದಿನೇಳರಲ್ಲಿ ಹನ್ನೆರಡು ಹೋಗಿ ಐದು ಉಳಿಯಿತು. ಅಷ್ಟೇ ಅಲ್ಲ, ಮಡ್‌ಗಾರ್ಡಿನ ಒಳಮೈಯಲ್ಲಿ ಬೋಲ್ಟಿನ ತಲೆಯೊಂದು ನಾಲ್ಕು ಮಿಲಿಮೀಟರ್ ಉಬ್ಬಿಕೊಂಡಿತ್ತು.

“ಐದು ಇದೆಯಲ್ಲ ತಾತ, ತಾಗಬಾರದಲ್ಲ” ಎಂದಳು ಮೊಮ್ಮಗಳು. ಲೆಕ್ಕದಲ್ಲಿ ಅವಳು ಚುರುಕು.

“ಖಾಲಿ ಇದ್ದಾಗ ಐದು. ಈಗ ನೋಡು.”

ಹೊರೆ ಏರಿದ ಮೇಲೆ ಕ್ಯಾರಿಯರು ಏಳು ಮಿಲಿಮೀಟರ್ ಕುಸಿದಿತ್ತು. ಮಡ್‌ಗಾರ್ಡು ಎರಡು ಮಿಲಿಮೀಟರ್ ಕೆಳಕ್ಕೆ ಅದುಮಲ್ಪಟ್ಟಿತ್ತು. ಆದರೂ ಟೈರಿಗೆ ತಾಗಿರಲಿಲ್ಲ. ನಿಂತ ಗಾಡಿಯಲ್ಲಿ ತಾಗುವುದೂ ಇಲ್ಲ. ಆದರೆ ಹಳ್ಳಕ್ಕೆ ಇಳಿದ ಕ್ಷಣ ಅದೇ ಎಂಟು ಕಿಲೋ ಹದಿನಾರರಂತೆಯೋ ಇಪ್ಪತ್ತನಾಲ್ಕರಂತೆಯೋ ತೂಗುತ್ತದೆ, ಕುಸಿತವೂ ಎರಡು ಮೂರು ಪಟ್ಟಾಗುತ್ತದೆ. ಏಳು ಹೋಗಿ ಹದಿನಾಲ್ಕಾದರೆ, ಮೊದಲ ಐದನ್ನು ದಾಟಿ ಒಂಬತ್ತು ಮಿಲಿಮೀಟರ್ ಮಡ್‌ಗಾರ್ಡು ಇಳಿಯಬೇಕು. ಬೋಲ್ಟಿನ ತಲೆಗೂ ಟೈರಿಗೂ ನಡುವೆ ಇದ್ದದ್ದು ಏಳು. ‘ಚರ್’ ಎಂಬ ಸದ್ದಿನ ಪೂರ್ವಾಪರ ಇಷ್ಟು.

ಏಳು ಮಿಲಿಮೀಟರ್ ಏಕೆ ಕುಸಿಯಬೇಕು? ಕ್ಯಾರಿಯರಿನ ಕಾಲುಗಳಾಗಿ ಎರಡು ತೆಳ್ಳನೆಯ ಉಕ್ಕಿನ ಪಟ್ಟಿಗಳು ಅಚ್ಚಿನವರೆಗೆ ಇಳಿದಿದ್ದವು. ಮಡ್‌ಗಾರ್ಡಿನ ತಂತಿಗಳು ಅಡ್ಡ ಬಂದುದರಿಂದ ಬಿಗಿಸಿದವನು ಆ ಪಟ್ಟಿಗಳನ್ನು ಹೊರಕ್ಕೆ ಬಿಲ್ಲಿನಂತೆ ಬಗ್ಗಿಸಿ ಕೂರಿಸಿದ್ದ. ನೇರವಾದ ಪಟ್ಟಿ ಕಂಬದಂತೆ ಭಾರ ಹೊರುತ್ತದೆ. ಬಗ್ಗಿಸಿದ ಪಟ್ಟಿ ಸ್ಪ್ರಿಂಗಿನಂತೆ ಬಳುಕುತ್ತದೆ. ಪ್ರತಿ ಹಳ್ಳಕ್ಕೂ ಬಳುಕಿದ ಉಕ್ಕು ಕೆಲವು ತಿಂಗಳುಗಳಲ್ಲಿ ಅದೇ ಬಾಗಿನಲ್ಲಿ ಬಿರುಕು ಬಿಡುತ್ತದೆ. ಸಾರಿನ ಡಬ್ಬಿಗಳೊಡನೆ ಇಳಿಜಾರಿನಲ್ಲಿ ಅದು ಮುರಿಯಬಹುದಾಗಿದ್ದ ದಿನವನ್ನು ಊಹಿಸಿಕೊಂಡು ತಾತ ಮೌನವಾದರು. ಒಳಗೆ ಅಡಿಗೆಮನೆಯಲ್ಲಿದ್ದ ಸೊಸೆಗೆ ಅವರು ಈ ಮಾತನ್ನು ಹೇಳಲಿಲ್ಲ.

ಪರಿಹಾರಕ್ಕೆ ಹೆಚ್ಚು ಹಣ ಬೇಕಾಗಲಿಲ್ಲ. ಹೊಸ ನೇರ ಪಟ್ಟಿಗಳು, ಮಡ್‌ಗಾರ್ಡಿನ ತಂತಿಗಳಿಂದ ಅವು ದೂರ ನಿಲ್ಲುವಂತೆ ಅಚ್ಚಿನ ಬಳಿ ಎರಡೆರಡು ವಾಷರುಗಳು, ಒಳಗೆ ಚಪ್ಪಟೆ ತಲೆಯ ಬೋಲ್ಟು. ಪಟ್ಟಿಯಲ್ಲಿದ್ದ ರಂಧ್ರಗಳಲ್ಲಿ ಒಂದನ್ನು ಮೇಲಕ್ಕೆ ಬಿಟ್ಟು ಬಿಗಿಸಿದರೆ 15 ಮಿಲಿಮೀಟರ್ ಹೆಚ್ಚುತ್ತಿತ್ತು.

“ಎರಡು ತೂತು ಮೇಲೆ ಹಾಕಿಬಿಡಿ ತಾತ, ತಂಟೆಯೇ ಬೇಡ.”

“ಹಾಕಿದರೆ ಬುಟ್ಟಿಯ ಬಾಯಿ ಬ್ರೇಕಿನ ಕೇಬಲ್ಲಿಗೆ ಒತ್ತಿಕೊಳ್ಳುತ್ತೆ. ಹ್ಯಾಂಡಲ್ ತಿರುಗಿಸು, ನೋಡೋಣ.”

ತಿರುಗಿಸಿದಳು, ಕೇಬಲ್ಲು ಬುಟ್ಟಿಯ ಅಂಚಿಗೆ ಸಿಕ್ಕಿ ಬಿಲ್ಲಿನಂತಾಯಿತು. ಮತ್ತೆ ಒಂದು ರಂಧ್ರಕ್ಕೇ ಇಳಿಸಿದರು. ಮಡ್‌ಗಾರ್ಡಿನ ಮೇಲೆ ಐದಿದ್ದ ಅಂತರ ಇಪ್ಪತ್ತಾಯಿತು. ನೇರ ಪಟ್ಟಿಗಳ ಮೇಲೆ ಎಂಟು ಕಿಲೋ ಇಟ್ಟಾಗ ಕುಸಿತ ಎರಡು ಮಿಲಿಮೀಟರ್. ಮೂರು ಪಟ್ಟಾದರೂ ಆರು. ಹದಿನಾಲ್ಕು ಉಳಿಯುತ್ತದೆ; ಅವಳ ತೋರುಬೆರಳು ಅದರಲ್ಲಿ ಸರಾಗವಾಗಿ ಓಡಾಡಿತು.

ಪರೀಕ್ಷೆಗೆ ಅಜ್ಜಿಯ ರಂಗೋಲಿ ಪುಡಿ ಬಂತು. ನೀರಿನಲ್ಲಿ ಕಲಸಿ ಮಡ್‌ಗಾರ್ಡಿನ ಒಳನೆತ್ತಿಗೆ ಬಳಿದು ಒಣಗಿಸಿ, ತುಂಬಿದ ಡಬ್ಬಿಗಳೊಡನೆ ಕೆಟ್ಟ ರಸ್ತೆಯಲ್ಲೇ ಒಂದು ಸುತ್ತು ಹೋಗಿ ಬರಬೇಕೆಂದು ತಾತ ಕಟ್ಟಪ್ಪಣೆ ಮಾಡಿದರು. ಟೈರು ಎಲ್ಲಿಯಾದರೂ ತಾಗಿದರೆ ಬಿಳುಪಿನಲ್ಲಿ ಕರಿಯ ಗೀರು ಬೀಳುತ್ತದೆ. ಗೀರು ಬೀಳಲಿಲ್ಲ. ಬಣ್ಣವಿಲ್ಲದ ಈ ವಿಧಾನಕ್ಕೆ ಯಾವ ಉಪಕರಣವೂ ಬೇಡ; ಮಳೆಯಿಲ್ಲದ ಒಂದು ದಿನ ಮಾತ್ರ ಬೇಕು.

ಹಾಗಾದರೆ ಎಷ್ಟು ಅಂತರವಿದ್ದರೆ ಸಾಕು? ಅಮೆರಿಕದ ಗ್ರಾಹಕ ಸುರಕ್ಷತೆಯ ನಿಯಮಗಳು ಟೈರಿಗೂ ಫೋರ್ಕಿಗೂ ನಡುವೆ ಕನಿಷ್ಠ 1.6 ಮಿಲಿಮೀಟರ್, ಅಂದರೆ ಅಂಗುಲದ ಹದಿನಾರನೆಯ ಒಂದು ಭಾಗ, ಇರಬೇಕೆಂದು ವಿಧಿಸುತ್ತವೆ. ಅದು ಅಲುಗದ ಉಕ್ಕನ್ನು ಕುರಿತು ಹೇಳಿದ ಕನಿಷ್ಠ. ಕ್ಯಾರಿಯರಾದರೋ ಬೋಲ್ಟಿನಿಂದ ನಿಂತಿರುವುದು, ಬಳುಕುವುದು, ಸಡಿಲಗೊಳ್ಳುವುದು. ಅದಕ್ಕೆ ಹೊರೆಯ ಸಹಿತ ಒಂದು ಬೆರಳಗಲವನ್ನು ಬಿಡುವುದು ಅತಿಯಲ್ಲ. ಮಲೆನಾಡಿನಲ್ಲಿ ಇನ್ನೂ ತುಸು ಹೆಚ್ಚು ಬಿಟ್ಟರೆ ಒಳ್ಳೆಯದು. ಮುಂಗಾರಿನ ಕೆಮ್ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು, ಅದಕ್ಕೊಂದು ಕಡ್ಡಿಯೋ ಹರಳೋ ಸೇರಿದರೆ ತಗಡನ್ನು ಮಡಿಚಿ ಒಳಕ್ಕೆ ಎಳೆದುಕೊಂಡುಬಿಡುತ್ತದೆ. ಜರ್ಮನಿಯಲ್ಲಿ ತಯಾರಾಗುವ ಕೆಲವು ಮಡ್‌ಗಾರ್ಡುಗಳಲ್ಲಿ ಹೀಗೆ ಎಳೆತ ಬಂದೊಡನೆ ತಂತಿಗಳು ತಾವಾಗಿಯೇ ಕಳಚಿಕೊಳ್ಳುವ ಕೊಂಡಿಗಳನ್ನು ಇಟ್ಟಿರುತ್ತಾರೆ. ಕಳಚಿಕೊಳ್ಳುವುದಕ್ಕಾಗಿಯೇ ಮಾಡಿದ ವಸ್ತುವನ್ನು ಕೊಂಡು ತಂದು, ಕಳಚಿಕೊಳ್ಳುತ್ತದೆಂದು ತಂತಿ ಸುತ್ತಿ ಬಿಗಿಯುವ ಜಾಣರೂ ಇಲ್ಲದಿಲ್ಲ.

ಇನ್ನೊಂದು ಸೂಕ್ಷ್ಮ. ಗಾಲಿ ದುಂಡು, ಕ್ಯಾರಿಯರು ಚಪ್ಪಟೆ. ಅವೆರಡೂ ಅತ್ಯಂತ ಸಮೀಪಕ್ಕೆ ಬರುವುದು ಅಚ್ಚಿನ ನೇರ ಮೇಲಿರುವ ಒಂದೇ ಬಿಂದುವಿನಲ್ಲಿ. ಕರಿಯ ಬೈಸಿಕಲ್ಲಿನಲ್ಲಿ ಆ ಬಿಂದುವಿನಿಂದ 10 ಸೆಂಟಿಮೀಟರ್ ಮುಂದಕ್ಕೆ ಹೋದರೆ ಟೈರು 14 ಮಿಲಿಮೀಟರ್ ಕೆಳಗಿಳಿದಿರುತ್ತದೆ, 15 ಸೆಂಟಿಮೀಟರ್ ಹೋದರೆ 33. ಆದ್ದರಿಂದ ಮುಂದಿನ ಅಂಚಿನಲ್ಲಿ ಅಂತರ ವಿಶಾಲವಾಗಿ ಕಂಡರೆ ಅದನ್ನು ನಂಬುವಂತಿಲ್ಲ, ನೋಡಬೇಕಾದದ್ದು ನಡುವೆ. ಅಚ್ಚಿನವರೆಗೆ ಇಳಿಯುವ ಕಾಲುಗಳಿಲ್ಲದೆ, ಫೋರ್ಕಿನ ನೆತ್ತಿಗೋ ಹ್ಯಾಂಡಲ್ಲಿಗೋ ಮಾತ್ರ ಕಚ್ಚಿಕೊಂಡು ಮುಂದಕ್ಕೆ ಚಾಚಿದ ಕ್ಯಾರಿಯರಿನ ಗತಿ ಇನ್ನೂ ಕಷ್ಟದ್ದು. ಬೋಲ್ಟು ಸಡಿಲಾಗಿ ಅದು ಮೂರೇ ಡಿಗ್ರಿ ತಲೆ ತಗ್ಗಿಸಿದರೆ, 30 ಸೆಂಟಿಮೀಟರ್ ದೂರದಲ್ಲಿ ಹದಿನಾರು ಮಿಲಿಮೀಟರಿನಷ್ಟು ಇಳಿದುಬಿಡುತ್ತದೆ. ಬೆರಳಗಲವೆಲ್ಲ ಅಲ್ಲಿಗೆ ಮುಗಿಯಿತು.

ಕಾಲುಗಳಿರುವ ಕ್ಯಾರಿಯರಿನಲ್ಲಿ ಅಪಾಯದ ರೂಪ ಬೇರೆ. ಅಲ್ಲಿ ಭಾರವೆಲ್ಲ ಅಚ್ಚಿನ ಮೇಲೆ. ಮೇಲಿನ ಪಟ್ಟಿಗೆ ಉಳಿಯುವ ಕೆಲಸ ಕ್ಯಾರಿಯರು ಮುಂದಕ್ಕೆ ಉರುಳದಂತೆ ಹಿಡಿದುಕೊಳ್ಳುವುದು ಮಾತ್ರ. ಭಾರ ಕಡಮೆಯೆಂದು ಅದನ್ನು ಜನ ಉಪೇಕ್ಷಿಸುತ್ತಾರೆ, ಒಂದೇ ಬೋಲ್ಟಿನಲ್ಲಿ ಸುಮ್ಮನಾಗುತ್ತಾರೆ. ಆ ಬೋಲ್ಟು ಬಿಚ್ಚಿಹೋದರೆ ಇಡೀ ಕ್ಯಾರಿಯರು ಅಚ್ಚಿನ ಸುತ್ತ ತಿರುಗಿ ಗಾಲಿಯ ಮುಂದೆಯೇ ನೆಲಕ್ಕೆ ಬೀಳುತ್ತದೆ. ಟೈರಿನಿಂದ ಅದರ ದೂರ ಒಂದಿಷ್ಟೂ ಬದಲಾಗಿರುವುದಿಲ್ಲ! ಅಂತರದ ಲೆಕ್ಕ ಸರಿಯಾಗಿಯೇ ಇದ್ದು ಸವಾರ ಮಾತ್ರ ಬಿದ್ದಿರುತ್ತಾನೆ.

ಸರಳಿನ ಬ್ರೇಕಿರುವ ಹಳೆಯ ಗಾಡಿಗಳಲ್ಲಿ ಮತ್ತೊಂದು ಮಾತನ್ನು ನೆನೆಯಬೇಕು. ಹಿಡಿಯನ್ನು ಒತ್ತಿದಾಗ ಸರಳು ಮೇಲಕ್ಕೆ ಎಳೆದು, ಟೈರಿನ ಮೇಲೆ ಕಮಾನಿನಂತೆ ಹಾಯ್ದಿರುವ ಕೊಂಡಿಯನ್ನು ಎತ್ತುತ್ತದೆ. ಅದರ ರಬ್ಬರುಗಳು ರಿಮ್ಮಿನ ಒಳಮೈಗೆ ಒತ್ತುತ್ತವೆ. ಕ್ಯಾರಿಯರಿನ ಪಟ್ಟಿ ಈ ಕೊಂಡಿಯ ಮೇಲೆ ಕುಳಿತಿದ್ದರೆ ಅದು ಏಳುವುದೇ ಇಲ್ಲ. ನಿಂತಲ್ಲಿ ಪರೀಕ್ಷಿಸುವಾಗ ಯಾರೂ ಬ್ರೇಕು ಹಿಡಿದು ನೋಡುವುದಿಲ್ಲ.

ಈಚಿನ ಹುಡುಗರು ಮೆಚ್ಚುವ “ಶಾಕರ್” ಗಾಡಿಗಳಲ್ಲಿ ಇಷ್ಟು ಲೆಕ್ಕವೂ ತಲೆಕೆಳಗಾಗುತ್ತದೆ. ಅಲ್ಲಿ ಫೋರ್ಕಿನ ಕೆಳಭಾಗ ಗಾಲಿಯೊಡನೆ ಮೇಲೇರಿ ಮೇಲ್ಭಾಗವನ್ನು ತನ್ನೊಳಕ್ಕೆ ಸೇರಿಸಿಕೊಳ್ಳುತ್ತದೆ. ಹಳ್ಳಕ್ಕೆ ಬಿದ್ದಾಗ ಗಾಲಿ 60, 80, ಕೆಲವೊಮ್ಮೆ 100 ಮಿಲಿಮೀಟರ್ ಮೇಲಕ್ಕೆ ಬರಬಲ್ಲದು. ಮೇಲ್ಭಾಗಕ್ಕೋ ಹ್ಯಾಂಡಲ್ಲಿಗೋ ಕಟ್ಟಿದ ಬುಟ್ಟಿಯ ತಳ ಟೈರಿನಿಂದ ಅಷ್ಟು ದೂರವೂ, ಅದರ ಮೇಲೆ ಒಂದು ಬೆರಳಗಲವೂ ಇರಬೇಕಾಗುತ್ತದೆ. ಬುಟ್ಟಿಯನ್ನು ಕೆಳಭಾಗಕ್ಕೇ ಕಟ್ಟಿದರೆ ಅದೂ ಗಾಲಿಯೊಡನೆ ಏರಿಳಿಯುವುದರಿಂದ ಟೈರಿನ ತೊಡಕಿಲ್ಲ. ಆಗ ಮೇಲೆ ಹ್ಯಾಂಡಲ್ಲಿನ ಕಡೆಗೆ ಜಾಗ ನೋಡಿಕೊಳ್ಳಬೇಕು. ಕಾಲುಗಳು ಅಚ್ಚಿಗೆ, ಮೇಲಿನ ಪಟ್ಟಿ ಹ್ಯಾಂಡಲ್ಲಿಗೆ—ಹೀಗೆ ಒಂದು ತುದಿ ಚಲಿಸುವೆಡೆಗೂ ಇನ್ನೊಂದು ತುದಿ ಚಲಿಸದೆಡೆಗೂ ಬಿಗಿದರೆ, ಕ್ಯಾರಿಯರು ಶಾಕರನ್ನು ಕೆಲಸ ಮಾಡಗೊಡುವುದಿಲ್ಲ. ಶಾಕರು ಕ್ಯಾರಿಯರನ್ನು ಉಳಿಯಗೊಡುವುದಿಲ್ಲ.

ಈ ಇಕ್ಕಟ್ಟನ್ನು ಇಂಗ್ಲೆಂಡಿನ ಬ್ರೆಡ್ಡಿನಂಗಡಿಯವರೂ ಮಾಂಸದಂಗಡಿಯವರೂ ತಮ್ಮ ಸರಕಿನ ಬೈಸಿಕಲ್ಲುಗಳಲ್ಲಿ ಬಗೆಹರಿಸಿದ ರೀತಿ ಮೆಚ್ಚತಕ್ಕದ್ದು. ಅವರು ಕ್ಯಾರಿಯರನ್ನು ಎತ್ತುವ ಬದಲು ಗಾಲಿಯನ್ನೇ ಕುಗ್ಗಿಸಿದರು. ಹಿಂದೆ 26 ಅಂಗುಲದ ಗಾಲಿ, ಮುಂದೆ 20 ಅಂಗುಲದ್ದು. ಗಾಲಿ ನೆಲದ ಮೇಲೆ ನಿಂತಿರುವುದರಿಂದ ವ್ಯಾಸದಲ್ಲಿ ಕಡಮೆಯಾದ ಆರು ಅಂಗುಲವೂ ನೆತ್ತಿಯ ಮೇಲೆಯೇ ಲಾಭವಾಗಿ ಬಂದಿತು. ದೊಡ್ಡ ಬುಟ್ಟಿಯನ್ನು ಫೋರ್ಕಿಗಲ್ಲದೆ ಗಾಡಿಯ ಚೌಕಟ್ಟಿಗೇ ಬಿಗಿದರು. ಹ್ಯಾಂಡಲ್ಲು ತಿರುಗಿದರೂ ಬುಟ್ಟಿ ತಿರುಗುವುದಿಲ್ಲ. ಮೊದಲ ಸಲ ಏರಿದವನಿಗೆ ಇದು ದಿಗಿಲು ಹುಟ್ಟಿಸುತ್ತದೆ: ಗಾಲಿ ಎಡಕ್ಕೆ ಹೊರಳಿದರೂ ಕಣ್ಣೆದುರಿನ ಬುಟ್ಟಿ ನೆಟ್ಟಗೆ ನೋಡುತ್ತಿರುತ್ತದೆ. ಬ್ರಿಟನ್ನಿನ ಅಂಚೆಯವರು ದೀರ್ಘಕಾಲ ಬಳಸಿದ ಪ್ಯಾಶ್ಲಿ ಬೈಸಿಕಲ್ಲುಗಳಲ್ಲಿಯೂ ಟಪಾಲಿನ ತಟ್ಟೆ ಚೌಕಟ್ಟಿಗೇ ಅಂಟಿಕೊಂಡಿತ್ತು.

ಪ್ಯಾರಿಸಿನ ಪತ್ರಿಕೆ ಸಾಗಿಸುವವರ ಮಾರ್ಗ ಇದಕ್ಕೆ ವಿರುದ್ಧವಾದದ್ದು. ಅವರು ಗಾಲಿಯನ್ನು ಕುಗ್ಗಿಸಲಿಲ್ಲ, ಕ್ಯಾರಿಯರನ್ನು ಚೌಕಟ್ಟಿಗೆ ಕಟ್ಟಲಿಲ್ಲ. ಅಗಲವಾದ ಚಪ್ಪಟೆ ಕ್ಯಾರಿಯರನ್ನು ಗಾಲಿಯ ಮೇಲೆ ಎಷ್ಟು ತಗ್ಗಾಗಿ ಕೂರಿಸಬಹುದೋ ಅಷ್ಟು ತಗ್ಗಾಗಿ ಕೂರಿಸಿದರು. ಮುದ್ರಣಾಲಯದಿಂದ ಅಂಗಡಿಗಳಿಗೆ ಪತ್ರಿಕೆಯ ಕಟ್ಟುಗಳನ್ನು ಒಯ್ಯುತ್ತಿದ್ದ ಇವರಿಗಾಗಿ ಪ್ರತ್ಯೇಕ ಪಂದ್ಯವೊಂದು ನಡೆಯುತ್ತಿತ್ತು; ಅದರಲ್ಲಿ ಹದಿನೈದು ಕಿಲೋ ಹೊರೆಯನ್ನು ಹೊತ್ತೇ ಓಡಬೇಕು. ಹೊರೆ ತಗ್ಗಿದಷ್ಟೂ ಹ್ಯಾಂಡಲ್ಲು ಹಗುರವೆಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಕೊನೆಗೆ ಟೈರು ಬದಲಾಯಿಸುವವರಿಗೊಂದು ಮಾತು. 622ರ ರಿಮ್ಮಿನ ಮೇಲೆ 32 ಅಗಲದ ಟೈರಿದ್ದಾಗ ನೆತ್ತಿ 343ರಲ್ಲಿರುತ್ತದೆ. ರಸ್ತೆ ಕೆಟ್ಟಿದೆಯೆಂದು 50 ಅಗಲದ್ದನ್ನು ಹಾಕಿಸಿದರೆ ಅದು 361ಕ್ಕೆ ಏರುತ್ತದೆ. ಗಾಲಿಯನ್ನು ಯಾರೂ ಮುಟ್ಟಲಿಲ್ಲ, ಕ್ಯಾರಿಯರನ್ನು ಯಾರೂ ಅಲುಗಿಸಲಿಲ್ಲ, ಹದಿನೆಂಟು ಮಿಲಿಮೀಟರ್ ಮಾಯವಾಯಿತು. ಮೈಸೂರಿನ ಆ ತಾತ ಇದನ್ನು ನೆನೆದೇ ಇರಬೇಕು, ಕ್ಯಾರಿಯರಿನ ತಳದಲ್ಲಿ ಬಿಳಿಯ ಬಣ್ಣದಿಂದ “364” ಎಂದು ಬರೆದಿಟ್ಟರು. ಅಚ್ಚಿನಿಂದ ಅದರ ಎತ್ತರ ಅದು. ಹೊಸ ಟೈರು ಕೊಳ್ಳುವವರು ಪಕ್ಕೆಯ ಮೇಲಿನ ಎರಡನೆಯ ಸಂಖ್ಯೆಯ ಅರ್ಧಕ್ಕೆ ಮೊದಲನೆಯದನ್ನು ಕೂಡಿ, ಅದಕ್ಕೆ ಮಡ್‌ಗಾರ್ಡಿನ ಅಂತರವನ್ನು ಸೇರಿಸಿ, ಈ 364ರಿಂದ ಕಳೆದು ನೋಡಿದರಾಯಿತು. ಉಳಿದದ್ದು ಹತ್ತಕ್ಕಿಂತ ಕಡಮೆಯಾದರೆ ಆ ಟೈರು ಅಂಗಡಿಯಲ್ಲಿಯೇ ಇರಲಿ.